ಹಾಡಿಗೊಂದು ದನಿ, ಅಡಿಗೆಗೊಂದು ಹೊರೆ

ಒಬ್ಬನೇ ಕುಳಿತು ಉಂಡ ಊಟಕ್ಕೂ ಹತ್ತು ಜನರೊಡನೆ ಸಾಲಿನಲ್ಲಿ ಕುಳಿತು ಉಂಡ ಊಟಕ್ಕೂ ರುಚಿಯಲ್ಲಿ ಎಷ್ಟು ಅಂತರವುಂಟೆಂಬುದನ್ನು ಉಂಡವರೇ ಬಲ್ಲರು. ಹಾಡಿನ ವಿಚಾರವೂ ಹಾಗೆಯೇ. ದೊಡ್ಡ ಗವಾಯಿಯ ಕಚೇರಿಯನ್ನು ಕೇಳಿ ತಲೆದೂಗುವ ಸುಖವು ಒಂದು ಬಗೆಯದು. ತನ್ನ ಒಡಕು ಕಂಠವನ್ನು ನೆರೆಯವರ ಕಂಠದೊಡನೆ ಬೆರಸಿ, ಅದು ಒಡಕೆಂಬುದೇ ಮರೆತುಹೋಗುವಂತೆ ಹಾಡುವ ಸುಖವು ಇನ್ನೊಂದು ಬಗೆಯದು. ಮೊದಲನೆಯದಕ್ಕೆ ಹಣ ಕೊಟ್ಟರೆ ಸಾಕು. ಎರಡನೆಯದಕ್ಕೆ ನಾವೇ ಹೋಗಬೇಕು. ಇಂತಹ ಊಟವೂ ಇಂತಹ ಹಾಡೂ ಒಂದೇ ಚಪ್ಪರದ ಕೆಳಗೆ ಕೂಡಿಬರುವ ಪದ್ಧತಿಯು ದಕ್ಷಿಣ ಕನ್ನಡ ಜಿಲ್ಲೆಯ ಪುತ್ತೂರು, ಸುಳ್ಯ, ಕಡಬ ತಾಲೂಕುಗಳ ಗ್ರಾಮಗಳಲ್ಲಿ ಇಂದಿಗೂ ಜೀವಂತವಾಗಿದೆ. ಊರಿನ ಮಂದಿರದಲ್ಲಿ ನಡೆಯುವ ಏಕಾಹ ಭಜನೆ, ಅದಕ್ಕೆ ಮನೆಮನೆಗಳಿಂದ ಬರುವ ಹೊರೆಕಾಣಿಕೆ, ಕೊನೆಯ ಅನ್ನಸಂತರ್ಪಣೆ, ಇವು ಅದರ ಮೂರು ಅಂಗಗಳು. ಈ ಮೂರರ ಮರ್ಮವನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಬಯಲುಸೀಮೆಯ ವಾಚಕರಿಗೆ ಹಳ್ಳಿಯೆಂದೊಡನೆ ಒತ್ತೊತ್ತಾಗಿ ನಿಂತ ಮನೆಗಳೂ ನಡುವಣ ಬೀದಿಯೂ ಅರಳೀಕಟ್ಟೆಯೂ ಕಣ್ಣ ಮುಂದೆ ಬರುವುದು ಸಹಜ. ಈ ಕಡೆಯ ಗ್ರಾಮಗಳು ಹಾಗಿಲ್ಲ. ಇಲ್ಲಿ ಬೀದಿಯಿಲ್ಲ; ಗುಡ್ಡದ ಮಗ್ಗುಲಲ್ಲಿ ಒಂದು ಮನೆ, ಅದರ ಕೆಳಗೆ ಅಡಿಕೆ ತೋಟ, ತೋಟದಾಚೆಗೆ ತೋಡು, ತೋಡಿನಾಚೆಗೆ ಇನ್ನೊಂದು ಗುಡ್ಡ, ಅದರ ಮಗ್ಗುಲಲ್ಲಿ ಇನ್ನೊಂದು ಮನೆ. ಕುಮಾರಧಾರೆ, ಪಯಸ್ವಿನಿ ಮೊದಲಾದ ಹೊಳೆಗಳಿಗೆ ಇಳಿಯುವ ಈ ಕಣಿವೆಗಳಲ್ಲಿ ವರ್ಷಕ್ಕೆ ಸುಮಾರು ೪೦೦೦ ಮಿಲಿಮೀಟರ್ ಮಳೆ ಸುರಿಯುವುದು. ತೋಡು ತುಂಬಿದ ದಿನಗಳಲ್ಲಿ ಕೂಗಳತೆಯ ನೆರೆಮನೆಯೂ ದೂರದೇಶವಾಗುತ್ತಿದ್ದಿತು. ರಸ್ತೆ ಸೇತುವೆಗಳಾದ ಮೇಲೆ ಆ ಕಷ್ಟವು ಬಹುಮಟ್ಟಿಗೆ ತಗ್ಗಿದರೂ ಮನೆಗಳು ಮಾತ್ರ ಇಂದಿಗೂ ಚದರಿಯೇ ಇವೆ. ಹೀಗೆ ಒಂಟಿಯಾಗಿ ಬಾಳುವ ಜನರಿಗೆ ಮುಖ ನೋಡಿ ಮಾತಾಡಲು ಒಂದು ನೆವ ಬೇಕು, ಒಂದು ಸ್ಥಳ ಬೇಕು. ಆ ಸ್ಥಳವೇ ಭಜನಾ ಮಂದಿರ. ಆ ನೆವವೇ ಹಾಡು.

ಮಂದಿರವೆಂದರೆ ದೊಡ್ಡ ಕಟ್ಟಡವಲ್ಲ. ಒಂದು ಕೋಣೆ, ದೇವರ ಪಟ, ಕಾಲುದೀಪ, ನೆಲಕ್ಕೆ ಹಾಸಿದ ಚಾಪೆ, ಮೂಲೆಯಲ್ಲಿ ಒಂದು ಹಾರ್ಮೋನಿಯಂ, ನಾಲ್ಕಾರು ಜೊತೆ ತಾಳ, ಒಂದು ತಬಲ ಅಥವಾ ಮೃದಂಗ, ಇಷ್ಟಿದ್ದರೆ ಮಂದಿರವಾಯಿತು. ವಾರಕ್ಕೊಮ್ಮೆ ಸಂಜೆ, ತೋಟದ ಕೆಲಸ ಮುಗಿಸಿ ಮಿಂದು ಬಂದವರು ಸುತ್ತ ಕುಳಿತುಕೊಳ್ಳುವರು. ಒಬ್ಬರು ಸಾಲನ್ನು ಎತ್ತಿಕೊಡುವರು, ಉಳಿದವರೆಲ್ಲರೂ ಅದನ್ನೇ ತಿರುಗಿ ಹೇಳುವರು. ಪದವು ಬಾಯಿಗೆ ಬಾರದವನಿಗೆ ಎರಡನೆಯ ಸಲ ಬರುವುದು. ರಾಗವು ತಿಳಿಯದವನು ತಾಳವನ್ನಾದರೂ ಹಿಡಿಯುವನು. ತಾಳವೂ ತಪ್ಪುವ ಮಗುವು ಚಪ್ಪಾಳೆಯನ್ನಾದರೂ ತಟ್ಟುವುದು. ಹಾಡುವವರು ಇತ್ತ, ಕೇಳುವವರು ಅತ್ತ ಎಂಬ ಗೆರೆ ಇಲ್ಲಿ ಇಲ್ಲ. ಪುರಂದರದಾಸರು, ಕನಕದಾಸರು, ವಾದಿರಾಜರು ಮೊದಲಾದವರ ಪದಗಳು ಜನರ ಬಾಯಲ್ಲಿ ಉಳಿದುಬಂದುದು ಈ ಬಗೆಯ ಹಾಡಿಕೆಯಿಂದಲೇ. ಪುರಂದರದಾಸರು ಕಾಲವಾದುದು ೧೫೬೪ರಲ್ಲಿ. ಅಂದಿನಿಂದ ಇಂದಿನವರೆಗೆ ಅವರ ಪದಗಳನ್ನು ಪುಸ್ತಕವು ಎಷ್ಟು ಕಾಯ್ದಿತೋ ಸಾಮಾನ್ಯರ ಕಂಠವೂ ಅಷ್ಟೇ ಕಾಯ್ದಿತು.

ಇನ್ನೊಂದು ವಿಶೇಷವನ್ನು ಇಲ್ಲಿ ಹೇಳಬೇಕು. ಈ ಮೂರು ತಾಲೂಕುಗಳಲ್ಲಿ ಮನೆಮಾತುಗಳು ಹಲವು. ಹೆಚ್ಚಿನವರದು ತುಳು, ಸುಳ್ಯದ ಕಡೆಯ ಗೌಡರದು ಅರೆಭಾಷೆ, ಹವ್ಯಕರದು ಅವರದೇ ಒಂದು ಕನ್ನಡ, ಕೊಂಕಣಿ, ಮಲಯಾಳ, ಮರಾಠಿಗಳನ್ನಾಡುವ ಮನೆಗಳೂ ಉಂಟು. ಮಂದಿರದ ಅಂಗಳದಲ್ಲಿ ಕುಶಲ ಕೇಳುವುದು ತುಳುವಿನಲ್ಲಾದರೂ ಒಳಗೆ ದೀಪದ ಮುಂದೆ ಹಾಡುವುದು ಬಹುಮಟ್ಟಿಗೆ ಕನ್ನಡದಲ್ಲಿಯೇ. ಶಾಲೆಯ ಮುಖವನ್ನೇ ಕಾಣದ ಎಷ್ಟೋ ಅಜ್ಜಿಯರಿಗೆ ಕನ್ನಡವನ್ನು ಕಲಿಸಿದ ಗುರುವು ಈ ಭಜನೆಯೇ ಆಗಿದ್ದಿತು. ತುಳುವಿನಲ್ಲಿಯೇ ಕಟ್ಟಿದ ಭಜನೆಗಳೂ ಈಗ ಕೇಳಿಬರುತ್ತಿರುವುದು ಸಂತೋಷದ ಸಂಗತಿ.

ಭಜನೆಯ ಹಾರ್ಮೋನಿಯಮ್ಮಿನ ಕಥೆಯೂ ಸ್ವಾರಸ್ಯವಾದುದೇ. ಅದು ಹತ್ತೊಂಬತ್ತನೆಯ ಶತಮಾನದಲ್ಲಿ ಫ್ರಾನ್ಸಿನಲ್ಲಿ ಹುಟ್ಟಿದ ವಾದ್ಯ. ಅಲ್ಲಿ ಕುರ್ಚಿಯ ಮೇಲೆ ಕುಳಿತು ಕಾಲಿನಿಂದ ಒತ್ತುತ್ತಿದ್ದುದನ್ನು ನಮ್ಮವರು ಕಲ್ಕತ್ತೆಯಲ್ಲಿ ಕುಗ್ಗಿಸಿ, ನೆಲದ ಮೇಲೆ ಕುಳಿತು ಕೈಯಿಂದ ತಿದಿಯೊತ್ತುವಂತೆ ಮಾಡಿಕೊಂಡರು. ನಮ್ಮ ಸಂಗೀತದ ಗಮಕಗಳು ಅದರಲ್ಲಿ ನುಡಿಯವೆಂದು ವಿದ್ವಾಂಸರು ಮುನಿದರು. ಆಕಾಶವಾಣಿಯು ೧೯೪೦ರಲ್ಲಿ ಅದನ್ನು ಬಹಿಷ್ಕರಿಸಿ ೧೯೭೧ರವರೆಗೂ ಒಳಗೆ ಬಿಡಲಿಲ್ಲ. ಆದರೆ ಭಜನಾ ಮಂದಿರಗಳು ಅದನ್ನು ಹೊರಗೆ ಹಾಕಲಿಲ್ಲ. ಏಕೆಂದರೆ ಅಲ್ಲಿ ಬೇಕಾಗಿದ್ದುದು ಗಮಕದ ಸೂಕ್ಷ್ಮವಲ್ಲ. ಇಪ್ಪತ್ತು ಕಂಠಗಳನ್ನು ಒಂದೇ ಶ್ರುತಿಯಲ್ಲಿ ಹಿಡಿದು ನಿಲ್ಲಿಸುವ ಆಸರೆ. ಆ ಕೆಲಸವನ್ನು ಈ ಪರದೇಶದ ಪೆಟ್ಟಿಗೆಯು ಬಲು ಚೆನ್ನಾಗಿ ಮಾಡಿಕೊಟ್ಟಿತು.

ವಾರದ ಭಜನೆಯು ನಿತ್ಯದ ಗಂಜಿಯಂತಾದರೆ ಏಕಾಹವು ಹಬ್ಬದೂಟದಂತೆ. ಏಕಾಹವೆಂದರೆ ಒಂದು ಅಹೋರಾತ್ರಿಯ ಭಜನೆ. ಸೂರ್ಯೋದಯಕ್ಕೆ ದೀಪವನ್ನು ಬೆಳಗಿಸಿ ಮೊದಲ ಹಾಡನ್ನು ಎತ್ತಿದರೆ ಮರುದಿನದ ಸೂರ್ಯೋದಯಕ್ಕೆ ಮಂಗಳವನ್ನು ಹಾಡುವ ತನಕ ದನಿಯು ನಿಲ್ಲಕೂಡದು, ದೀಪವು ಆರಕೂಡದು. ಅಷ್ಟು ಶಕ್ತಿಯಿಲ್ಲದ ಊರುಗಳಲ್ಲಿ ಸೂರ್ಯಾಸ್ತಕ್ಕೆ ಮುಗಿಸುವುದುಂಟು. ಅದಕ್ಕೆ ಅರ್ಧ ಏಕಾಹವೆಂದು ಹೆಸರು. ಇಪ್ಪತ್ತನಾಲ್ಕು ಗಂಟೆ ಹಾಡುವುದು ಒಂದು ಮಂಡಳಿಯಿಂದ ಆಗತಕ್ಕ ಕೆಲಸವಲ್ಲ. ಆದುದರಿಂದ ನೆರೆಯ ಊರುಗಳ ಮಂಡಳಿಗಳಿಗೆಲ್ಲ ಹೇಳಿಕೆ ಹೋಗುವುದು. ಒಬ್ಬೊಬ್ಬರಿಗೆ ಒಂದೊಂದು ಹೊತ್ತು. ಒಂದು ಮಂಡಳಿಯವರು ಏಳುವ ಮೊದಲೇ ಇನ್ನೊಂದು ಮಂಡಳಿಯವರು ಅವರ ಬೆನ್ನಿಗೆ ಕುಳಿತು, ಅದೇ ಹಾಡಿಗೆ ದನಿಗೂಡಿಸಿ, ತಾಳವನ್ನು ಕೈಯಿಂದ ಕೈಗೆ ತೆಗೆದುಕೊಳ್ಳುವರು. ಈ ಕೈಬದಲಿನಲ್ಲಿ ಒಂದು ಮಾತ್ರೆಯೂ ಸಡಿಲವಾಗದಂತೆ ನೋಡಿಕೊಳ್ಳುವುದೇ ಒಂದು ಹೆಮ್ಮೆ. ಇಂದು ನಮ್ಮಲ್ಲಿಗೆ ಬಂದು ಹಾಡಿದವರ ಊರಿಗೆ ನಾಳೆ ನಾವು ಹೋಗಬೇಕು. ಹೀಗೆ ಹಾಡಿನ ಸಾಲವು ಊರಿನಿಂದ ಊರಿಗೆ ಸಂದಾಯವಾಗುತ್ತ ಎಂದಿಗೂ ಪೂರ್ತಿಯಾಗಿ ತೀರದೆ ಉಳಿಯುವುದು. ತೀರದಿರುವುದೇ ಒಳ್ಳೆಯದು.

ಇಂತಹ ದಿನಗಳಲ್ಲಿ ಧ್ವನಿವರ್ಧಕದ ಪ್ರಶ್ನೆಯೂ ಬರುವುದು. ೨೦೦೦ದಲ್ಲಿ ಬಂದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ ೧೦ ಗಂಟೆಯಿಂದ ಬೆಳಗ್ಗೆ ೬ ಗಂಟೆಯವರೆಗೆ ಬಯಲಿನಲ್ಲಿ ಧ್ವನಿವರ್ಧಕವನ್ನು ಹಾಕಕೂಡದು. ವರ್ಷಕ್ಕೆ ೧೫ ದಿನಗಳನ್ನು ಮೀರದಂತೆ ನಡುರಾತ್ರಿಯವರೆಗೆ ಸಡಿಲಿಕೆ ಕೊಡುವ ಅಧಿಕಾರವು ಮಾತ್ರ ಸರಕಾರಕ್ಕುಂಟು. ಇದರಿಂದ ಭಜನೆಗೆ ಕುಂದಾಯಿತೆಂದು ಕೆಲವರು ಕೊರಗುವುದುಂಟು. ನಿಜವಾಗಿ ನೋಡಿದರೆ ಇದು ಭಜನೆಗೆ ದೊರೆತ ವರವೇ ಸರಿ. ಯಂತ್ರವು ಮೌನವಾದ ಮೇಲೆ ಕೇಳಿಬರುವುದು ಕಂಠಗಳ ದನಿ, ತಾಳದ ಕಿಣಿ, ಹೊರಗೆ ಜೀರುಂಡೆಯ ಶ್ರುತಿ. ಹತ್ತು ಜನರು ಬಾಯಿ ಮುಚ್ಚಿ ಕುಳಿತರೂ ಯಂತ್ರವು ಗದ್ದಲವೆಬ್ಬಿಸಬಲ್ಲದು. ಯಂತ್ರವಿಲ್ಲದಾಗ ಹತ್ತು ಜನರೂ ಬಾಯಿ ತೆರೆಯಲೇಬೇಕಾಗುವುದು.

ಇನ್ನು ಹೊರೆಕಾಣಿಕೆಗೆ ಬರೋಣ. ಏಕಾಹಕ್ಕಾಗಲಿ, ಊರ ದೇವಸ್ಥಾನದ ಜಾತ್ರೆ, ಬ್ರಹ್ಮಕಲಶಗಳಿಗಾಗಲಿ ಬಂದವರಿಗೆಲ್ಲ ಊಟವಾಗಬೇಕು. ಅದಕ್ಕೆ ಬೇಕಾದ ಸಾಮಗ್ರಿಯನ್ನು ಊರವರೇ ತಮ್ಮ ತಮ್ಮ ಮನೆಯಿಂದ ಹೊತ್ತು ತರುವುದೇ ಹೊರೆಕಾಣಿಕೆ. ಹಸಿ ತರಕಾರಿಯೇ ಮುಖ್ಯವಾದುದರಿಂದ ಹಸಿರುವಾಣಿಯೆಂದೂ ಕರೆಯುವರು. ಹೆಸರೇ ಹೇಳುವಂತೆ ಇದು ಹೊರೆಯೂ ಹೌದು, ಕಾಣಿಕೆಯೂ ಹೌದು. ಒಬ್ಬರ ಹಿತ್ತಿಲಿನಿಂದ ಬೂದುಗುಂಬಳ, ಇನ್ನೊಬ್ಬರ ಗದ್ದೆಯಿಂದ ಸೌತೆಕಾಯಿ, ಮತ್ತೊಬ್ಬರ ತೋಟದಿಂದ ಬಾಳೆಗೊನೆ, ಕಟ್ಟುಕಟ್ಟಾಗಿ ಬಾಳೆಎಲೆ, ತೆಂಗಿನಕಾಯಿ, ಸೀಯಾಳ, ಅಲಸಂಡೆ, ತೊಂಡೆಕಾಯಿ, ಸುವರ್ಣಗಡ್ಡೆ, ಬೆಲ್ಲ, ಅಕ್ಕಿ, ಅಲಂಕಾರಕ್ಕೆ ಹಿಂಗಾರ. ಹಿಂದೆ ತಲೆಹೊರೆಯಲ್ಲಿ ಬರುತ್ತಿದ್ದುದು ಈಗ ಜೀಪು ಲಾರಿಗಳಲ್ಲಿ ಮೆರವಣಿಗೆಯಾಗಿ ಬರುವುದು. ಮೆರವಣಿಗೆಯ ಮುಂದೆ ಭಜನೆಯೇ. ಈಚಿನ ವರ್ಷಗಳಲ್ಲಿ ಮಕ್ಕಳು ಹೆಜ್ಜೆ ಹಾಕುತ್ತ ಹಾಡುವ ಕುಣಿತ ಭಜನೆಯೂ ಅದಕ್ಕೆ ಸೇರಿಕೊಂಡಿದೆ. ಐವತ್ತು ತೆಂಗಿನಕಾಯಿ ಕೊಟ್ಟ ಮನೆಯೂ ಒಂದು ಕುಂಬಳಕಾಯಿ ಕೊಟ್ಟ ಮನೆಯೂ ಉಗ್ರಾಣದಲ್ಲಿ ಒಂದೇ ರಾಶಿಗೆ ಬೀಳುವುವು. ರಾಶಿಗೆ ಬಿದ್ದ ಮೇಲೆ ಯಾರ ಕುಂಬಳಕಾಯಿ ಯಾವುದೆಂದು ಗುರುತಿಸುವವರು ಯಾರು?

ಹಿಂದಿನ ದಿನದ ಸಂಜೆಯಂತೂ ಮಂದಿರದ ಹಿಂಬದಿಯ ಅಡಿಗೆ ಚಪ್ಪರವು ನೋಡತಕ್ಕ ನೋಟ. ಮನೆಮನೆಯ ಹೆಂಗಸರೂ ಗಂಡಸರೂ ತಮ್ಮ ತಮ್ಮ ಮೆಟ್ಟುಕತ್ತಿ, ಹೆರೆಮಣೆಗಳನ್ನು ಹಿಡಿದುಕೊಂಡೇ ಬರುವರು. ಸಾಲಾಗಿ ಕುಳಿತು ತರಕಾರಿ ಹೆಚ್ಚುವವರು ಕೆಲವರು, ಕಾಯಿ ಹೆರೆಯುವವರು ಕೆಲವರು, ಎಲೆ ಒರೆಸುವವರು ಕೆಲವರು. ಯಾರ ಮಗಳಿಗೆ ಗಂಡು ನೋಡುತ್ತಿದ್ದಾರೆ, ಯಾರ ತೋಟಕ್ಕೆ ಹಳದಿ ರೋಗ ತಗಲಿದೆ, ಯಾರ ಅಜ್ಜನಿಗೆ ಕಣ್ಣಿನ ಶಸ್ತ್ರಚಿಕಿತ್ಸೆಯಾಯಿತು, ಎಲ್ಲವೂ ಆ ಸಾಲಿನಲ್ಲಿಯೇ ತಿಳಿದುಬರುವುದು. ಹೆಚ್ಚಿದ ಸೌತೆಕಾಯಿಯ ರಾಶಿ ಏರುತ್ತಿರುವಂತೆ ಎಷ್ಟೋ ದಿನಗಳ ಮುನಿಸುಗಳು ಇಳಿಯುವುದೂ ಉಂಟು. ಗೃಹಿಣಿಯರ ಉಪಯೋಗಕ್ಕಾಗಿ ಒಂದು ಲೆಕ್ಕವನ್ನೂ ಹೇಳಬಹುದು: ಅನ್ನ, ಸಾರು, ಸಾಂಬಾರು, ಪಲ್ಯ, ಪಾಯಸ, ಮಜ್ಜಿಗೆಯ ಊಟಕ್ಕೆ ನೂರು ಜನರಿಗೆ ಹತ್ತರಿಂದ ಹನ್ನೆರಡು ಕಿಲೋ ಅಕ್ಕಿ ಸಾಕು. ದೊಡ್ಡ ಸಂತರ್ಪಣೆಗಳಲ್ಲಿ ಅಕ್ಕಿಯನ್ನು ಒಮ್ಮೆಗೇ ಬೇಯಿಸದೆ ಪಂಕ್ತಿ ಪಂಕ್ತಿಗೆ ಬೇಯಿಸುವರು. ಅದರಿಂದ ಕೊನೆಯವರಿಗೂ ಬಿಸಿ ಅನ್ನ ದೊರೆಯುವುದು, ಉಳಿದು ಹಾಳಾಗುವುದೂ ಕಡಮೆ.

ಇಲ್ಲಿ ಒಂದು ಗಂಭೀರ ವಿಚಾರವನ್ನು ಮರೆಮಾಚದೆ ಹೇಳಬೇಕಾಗಿದೆ. ಹೊರೆಕಾಣಿಕೆಯಲ್ಲಿ ಜನರು ತರುವುದು ಹಸಿಯ ಪದಾರ್ಥವನ್ನೇ ಹೊರತು ಬೇಯಿಸಿದ ಅಡಿಗೆಯನ್ನಲ್ಲ. ಬೇಯಿಸಿದುದು ಕೆಡುವುದೆಂಬುದು ಒಂದು ಕಾರಣ. ಇನ್ನೊಂದು ಕಾರಣವು ಜಾತಿ. ಹಸಿ ಕುಂಬಳಕಾಯಿಗೆ ಮೈಲಿಗೆಯಿಲ್ಲ. ಅದನ್ನು ಯಾರೂ ಕೊಡಬಹುದು, ಯಾರೂ ಕೊಳ್ಳಬಹುದು. ಬೆಂದ ಅನ್ನಕ್ಕೆ ಮಾತ್ರ ನೂರು ಕಟ್ಟುಗಳಿದ್ದುವು. ಹಿಂದಿನ ಕಾಲದಲ್ಲಿ ಹೊರೆಯು ಎಲ್ಲರದಾಗಿದ್ದರೂ ಪಂಕ್ತಿಯು ಎಲ್ಲರದಾಗಿರಲಿಲ್ಲ. ಹೊತ್ತು ತಂದವರಲ್ಲಿಯೇ ಕೆಲವರು ದೂರ ಕುಳಿತು ಕಾಯಬೇಕಾಗಿದ್ದಿತು. ೧೯೩೪ರಲ್ಲಿ ಗಾಂಧೀಜಿಯವರು ಹರಿಜನೋದ್ಧಾರದ ಪ್ರವಾಸದಲ್ಲಿ ಪುತ್ತೂರಿಗೂ ಬಂದಿದ್ದರು. ಆಗ ಈ ಜಿಲ್ಲೆಯು ಮದರಾಸು ಪ್ರಾಂತಕ್ಕೆ ಸೇರಿದ್ದಿತು. ೧೯೪೭ರಲ್ಲಿ ಆ ಪ್ರಾಂತದ ದೇವಾಲಯ ಪ್ರವೇಶದ ಶಾಸನವು ಬಂದಿತು. ೧೯೫೦ರ ಸಂವಿಧಾನವು ಅಸ್ಪೃಶ್ಯತೆಯನ್ನೇ ಅಳಿಸಿತು. ಶಾಸನವು ಬಾಗಿಲನ್ನು ತೆರೆಯಬಲ್ಲದು. ಎಲೆಯ ಮುಂದೆ ಪಕ್ಕಪಕ್ಕದಲ್ಲಿ ಕುಳ್ಳಿರಿಸುವ ಕೆಲಸವನ್ನು ಊರವರೇ ಮಾಡಬೇಕು. ಆ ಕೆಲಸದಲ್ಲಿ ಭಜನಾ ಮಂದಿರಗಳ ಪಾಲು ಸಣ್ಣದಲ್ಲ. ಒಂದೇ ತಾಳಕ್ಕೆ ಕೂಡಿ ಹಾಡಿದವರನ್ನು ಊಟಕ್ಕೆ ಬೇರೆ ಬೇರೆ ಕುಳ್ಳಿರಿಸುವುದು ಯಾವ ಮುಖದಿಂದ? ಕೆಲವು ಊರುಗಳಲ್ಲಿ ಅನ್ಯಮತದ ನೆರೆಯವರೂ ಹೊರೆಕಾಣಿಕೆಯನ್ನು ತಂದೊಪ್ಪಿಸುವುದುಂಟು. ಎಲ್ಲಿಯಾದರೂ ಪಂಕ್ತಿಯಲ್ಲಿ ಇನ್ನೂ ಭೇದವು ಉಳಿದಿದ್ದರೆ ಆ ಊರಿನ ಹಾಡು ಅರ್ಧವೇ ಆಗಿದೆಯೆಂದು ತಿಳಿಯಬೇಕು.

ಹಾಡನ್ನೂ ಊಟವನ್ನೂ ಹೀಗೆ ಜೊತೆಗೂಡಿಸುವ ಬುದ್ಧಿಯು ನಮ್ಮ ನಾಡಿಗೆ ಮಾತ್ರ ಸೇರಿದುದಲ್ಲ. ಅಮೇರಿಕೆಯ ಕೆಂಟಕಿ ಮೊದಲಾದ ಸೀಮೆಗಳಲ್ಲಿ ಬ್ಲೂಗ್ರಾಸ್ ಎಂಬ ಒಂದು ಬಗೆಯ ಹಾಡಿಕೆಯುಂಟು. ಅಲ್ಲಿಯೂ ಗುಡ್ಡದ ಸೆರಗಿನಲ್ಲಿ ಚದರಿದ ಒಕ್ಕಲುಮನೆಗಳು. ಅಲ್ಲಿಯೂ ಕೂಡಿ ಹಾಡುವುದಕ್ಕೊಂದು ನೆವ ಬೇಕಾಗಿದ್ದಿತು. ೧೯೧೧ರಲ್ಲಿ ಕೆಂಟಕಿಯ ರೈತನ ಮನೆಯಲ್ಲಿ ಹುಟ್ಟಿದ ಬಿಲ್ ಮನ್ರೋ ಎಂಬವನು ಊರ ಹಳೆಯ ಹಾಡುಗಳನ್ನೂ ಇಗರ್ಜಿಯ ಕೀರ್ತನೆಗಳನ್ನೂ ಕೂಡಿಸಿ ಒಂದು ಮೇಳವನ್ನು ಕಟ್ಟಿ, ತನ್ನ ಸೀಮೆಯ ಹುಲ್ಲಿನ ಹೆಸರನ್ನೇ ಅದಕ್ಕೆ ಇಟ್ಟನು. ಆ ಹೆಸರು ಸಂಗೀತಕ್ಕೂ ನಿಂತಿತು. ಅದರ ವಾದ್ಯಗಳೂ ನಮ್ಮ ಹಾರ್ಮೋನಿಯಮ್ಮಿನಂತೆ ಹೊರಗಿನಿಂದ ಬಂದುವೇ: ಪಿಟೀಲು, ಮ್ಯಾಂಡೊಲಿನ್‌ಗಳು ಯೂರೋಪಿನವು, ಬ್ಯಾಂಜೊ ಎಂಬ ತಂತೀವಾದ್ಯವು ಗುಲಾಮರಾಗಿ ಒಯ್ಯಲ್ಪಟ್ಟ ಆಫ್ರಿಕದ ಜನರ ನೆನಪಿನಿಂದ ಹುಟ್ಟಿದುದು. ಕಚೇರಿಯ ವೇದಿಕೆಯಿಂದ ಇಳಿದರೆ ಅಲ್ಲಿನ ಜನರೂ ಮಂಡಲಾಕಾರವಾಗಿ ಕುಳಿತು, ಸರದಿಯ ಮೇಲೆ ಒಬ್ಬೊಬ್ಬರು ಹಾಡನ್ನು ಎತ್ತುವರು, ಮಿಕ್ಕವರು ಕೂಡಿಕೊಳ್ಳುವರು. ಊಟಕ್ಕೆ ಪಾಟ್‌ಲಕ್ ಎಂಬ ಪದ್ಧತಿ. ಒಂದೊಂದು ಮನೆಯವರು ಒಂದೊಂದು ಅಡಿಗೆಯನ್ನು ಬೇಯಿಸಿ ತಂದು ಮೇಜಿನ ಮೇಲಿಡುವರು. ಯಾರ ಪಾತ್ರೆಯಲ್ಲಿ ಏನಿದೆಯೋ ಅದು ಉಣ್ಣುವವನ ಅದೃಷ್ಟ! ಅವರು ಬೆಂದುದನ್ನು ತರುವರು, ನಾವು ಹಸಿಯದನ್ನು ತಂದು ಒಟ್ಟಿಗೆ ಬೇಯಿಸುವೆವು. ಅವರ ಮೇಜಿನಲ್ಲಿ ಮನೆಮನೆಯ ರುಚಿಯೂ ಬೇರೆಯಾಗಿ ಉಳಿಯುವುದು. ನಮ್ಮ ಕೊಪ್ಪರಿಗೆಯಲ್ಲಿ ಎಲ್ಲರ ರುಚಿಯೂ ಒಂದಾಗುವುದು. ಎರಡಕ್ಕೂ ಅದರದರ ಸೊಗಸುಂಟು. ಬರಿಗೈಯಲ್ಲಿ ಬರಬೇಡ, ಮೌನವಾಗಿ ಕೂರಬೇಡ ಎಂಬ ನಿಯಮವು ಮಾತ್ರ ಎರಡು ಕಡೆಯಲ್ಲಿಯೂ ಒಂದೇ.

ಈ ನಿಯಮವೇ ಇಂದು ಸಡಿಲವಾಗುತ್ತಿರುವುದು ಯೋಚಿಸತಕ್ಕ ವಿಷಯ. ಮಕ್ಕಳು ಓದಿ ಮಂಗಳೂರು, ಬೆಂಗಳೂರು, ಪರದೇಶಗಳನ್ನು ಸೇರಿದ್ದಾರೆ; ಎಷ್ಟೋ ತೋಟದ ಮನೆಗಳಲ್ಲಿ ವಯಸ್ಸಾದ ಇಬ್ಬರೇ ಉಳಿದಿದ್ದಾರೆ. ಸುಳ್ಯದ ಸಂಪಾಜೆ, ಅರಂತೋಡು ಮೊದಲಾದ ಕಡೆಗಳಲ್ಲಿ ಹಳದಿ ಎಲೆ ರೋಗವು ಅಡಿಕೆ ತೋಟಗಳನ್ನೇ ಕಬಳಿಸಿ ಬೆಳೆಗಾರರ ಬೆನ್ನು ಮುರಿದಿದೆ. ಹೊರಲು ಹೆಗಲಿಲ್ಲದೆಡೆಯಲ್ಲಿ ಹಣವೇ ಹೊರೆಯಾಗುವುದು ಆಶ್ಚರ್ಯವಲ್ಲ. ದೂರದಲ್ಲಿರುವ ಮಗನು ಹಣವನ್ನು ಕಳುಹಿಸುವನು. ಸಮಿತಿಯವರು ಅದರಿಂದ ಅಡಿಗೆಯ ಗುತ್ತಿಗೆಯನ್ನು ಕೊಡುವರು, ಹೊರಗಿನಿಂದ ಗಾಯಕರನ್ನು ಕರೆಸುವರು. ಊಟವು ರುಚಿಯಾಗಿಯೇ ಇರುವುದು, ಹಾಡು ಇಂಪಾಗಿಯೇ ಇರುವುದು. ಆದರೆ ಊರವರು ಕುರ್ಚಿಯ ಮೇಲೆ ಕುಳಿತು ಕೇಳಿ, ಉಂಡು, ಮನೆಗೆ ಹೋಗುವರು. ತರಕಾರಿ ಹೆಚ್ಚುವ ಸಾಲು ಇಲ್ಲವಾದುದರಿಂದ ಅಲ್ಲಿ ಕರಗಬೇಕಾದ ಮುನಿಸು ಕರಗದೆ ಉಳಿಯುವುದು. ಎರಡನೆಯ ಸಲಕ್ಕೆ ಪದವನ್ನು ಕಲಿಯಬೇಕಾಗಿದ್ದ ಮಗುವು ಪದವನ್ನು ಕಲಿಯದೆಯೇ ಬೆಳೆಯುವುದು. ನಷ್ಟವು ಆ ದಿನ ಕಾಣುವುದಿಲ್ಲ. ಹತ್ತು ವರ್ಷದ ಮೇಲೆ ಮಂಗಳವನ್ನು ಎತ್ತಲು ಊರಿನಲ್ಲಿ ಒಬ್ಬರೂ ಇಲ್ಲವಾದಾಗ ಕಾಣುವುದು.

ಹಾಗಾದರೆ ಮಾಡತಕ್ಕುದೇನು? ಹನಿಗೂಡಿದರೆ ಹಳ್ಳವೆಂಬ ಪಾಠವನ್ನು ಪುತ್ತೂರಿಗೆ ಯಾರೂ ಹೊಸದಾಗಿ ಹೇಳಿಕೊಡಬೇಕಾಗಿಲ್ಲ. ಮೊಳಹಳ್ಳಿ ಶಿವರಾಯರು ರೈತರ ಸಣ್ಣ ಸಣ್ಣ ಹಣವನ್ನು ಕೂಡಿಸಿ ಸಹಕಾರ ಸಂಘಗಳನ್ನು ಕಟ್ಟಿದುದು ಇಲ್ಲಿಯೇ. ಜಿಲ್ಲೆಯ ಕೇಂದ್ರ ಸಹಕಾರಿ ಬ್ಯಾಂಕು ೧೯೧೪ರಲ್ಲಿ ಹುಟ್ಟಿದುದೂ ಇಲ್ಲಿಯೇ. ಅದೇ ಬುದ್ಧಿಯನ್ನು ಹಾಡಿಗೂ ಅಡಿಗೆಗೂ ತರಬೇಕು. ಮೊದಲನೆಯದಾಗಿ, ಹಣವನ್ನು ಕಳುಹಿಸುವ ಮನೆಯವರೂ ಅದರೊಡನೆ ಹಿತ್ತಿಲಿನ ಒಂದು ವಸ್ತುವನ್ನಾದರೂ, ಒಂದು ಹಿಡಿ ಬೇವಿನಸೊಪ್ಪನ್ನಾದರೂ ಕೈಯಾರೆ ತಂದೊಪ್ಪಿಸಲಿ. ಎರಡನೆಯದಾಗಿ, ಹೊರಗಿನ ಗಾಯಕರನ್ನು ಕರೆಸಿದರೂ ಹಗಲಿನ ಒಂದು ಹೊತ್ತನ್ನು ಊರ ಮಕ್ಕಳಿಗೆ, ಒಂದು ಹೊತ್ತನ್ನು ಊರ ಹೆಂಗಸರಿಗೆ ಮೀಸಲಿಡಲಿ. ಒಂದು ಕಾಲದಲ್ಲಿ ಭಜನೆಯೆಂದರೆ ಬಹುಮಟ್ಟಿಗೆ ಗಂಡಸರ ಕೂಟವಾಗಿದ್ದಿತು. ಇಂದು ಮಹಿಳಾ ಭಜನಾ ಮಂಡಳಿಯಿಲ್ಲದ ಗ್ರಾಮವು ವಿರಳ. ಅಷ್ಟೇ ಅಲ್ಲ, ಗಂಡಸರ ಮಂಡಳಿಗಳು ಸೊರಗಿದ ಎಷ್ಟೋ ಕಡೆಗಳಲ್ಲಿ ದೀಪವನ್ನು ಆರದಂತೆ ಕಾಯುತ್ತಿರುವವರು ಇವರೇ. ಮೂರನೆಯದಾಗಿ, ಬಡಿಸುವ ಕೆಲಸವನ್ನು ತರುಣರಿಗೆ ಸರದಿಯ ಮೇಲೆ ಕೊಡಲಿ. ನೂರು ಎಲೆಗೆ ಸಾರು ಬಡಿಸಿದವನಿಗೆ ಊರಿನ ನೂರು ಮುಖಗಳ ಪರಿಚಯವಾಗುವುದು. ನಾಲ್ಕನೆಯದಾಗಿ, ಬಾಳೆಎಲೆಯೂ ಅಡಿಕೆಯ ಹಾಳೆತಟ್ಟೆಯೂ ತೋಟದಲ್ಲಿಯೇ ಇರುವಾಗ ಪ್ಲಾಸ್ಟಿಕ್ಕಿನ ತಟ್ಟೆ ಲೋಟಗಳನ್ನು ಮಂದಿರದ ಅಂಗಳಕ್ಕೆ ತರದಿರಲಿ.

ಪಟ್ಟಣಗಳಲ್ಲಿರುವ ವಾಚಕರು ಇದು ಹಳ್ಳಿಯ ಮಾತೆಂದು ಪುಟವನ್ನು ಮಗುಚಬಾರದು. ಮಂದಿರವಿಲ್ಲದಿದ್ದರೆ ಮನೆಯ ಜಗಲಿಯುಂಟು, ಬಹುಮಹಡಿಯ ಕಟ್ಟಡಗಳಿಗೆ ಮಾಳಿಗೆಯುಂಟು. ತಿಂಗಳಿಗೊಂದು ಸಂಜೆ ನಾಲ್ಕು ಮನೆಯವರು ಕೂಡಿ ನಾಲ್ಕು ಹಾಡುಗಳನ್ನು ಹಾಡಿ, ಒಬ್ಬರು ಅನ್ನವನ್ನೂ ಒಬ್ಬರು ಸಾರನ್ನೂ ಒಬ್ಬರು ಪಲ್ಯವನ್ನೂ ಒಬ್ಬರು ಮಜ್ಜಿಗೆಯನ್ನೂ ತಂದರೆ ಯಾರಿಗೂ ಭಾರವಿಲ್ಲ, ಎಲ್ಲರಿಗೂ ಊಟವುಂಟು. ಕಂಠವು ಚೆನ್ನಾಗಿಲ್ಲವೆಂದು ಹಿಂಜರಿಯುವವರಿಗೆ ಭಜನೆಯ ಹಿರಿಯರು ಕೊಡುವ ಸಮಾಧಾನವೊಂದಿದೆ: ಸಾಂಬಾರಿಗೆ ಬಿದ್ದ ತರಕಾರಿಗಳೆಲ್ಲವೂ ಒಂದೇ ಅಳತೆಯವಾಗಿರಬೇಕೆಂದಿಲ್ಲ, ಒಟ್ಟಿಗೆ ಬೆಂದರೆ ಸಾಕು. ಕೊಂಡು ತಂದ ಊಟವು ಹೊಟ್ಟೆಯನ್ನು ತುಂಬೀತು. ಹೊತ್ತು ತಂದ ಊಟವು ಊರನ್ನು ಕೂಡಿಸುವುದು.